ಎರಡು ‘ಎಲ್’ ಊರಿಗೆ ಹೋದ ನನ್ನ ನಾಟಕ

ಚಿಕ್ಕೋಡಿ

ಸುದ್ದಿ ಬಂದಾಗ ನಾನು ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಮಿರಜ ಗಾಡಿಯ ಬಾಗಿಲಿಗೆ ನಿಂತು ಊರುಗಳ ಹೆಸರು ಕೂಗುತ್ತಿದ್ದೆ. ನಾನು ಕಂಡಕ್ಟರ್. ಹತ್ತೊಂಬತ್ತು ವರ್ಷಗಳಿಂದ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಕೂಗಿ ಕೂಗಿ ನನ್ನ ಗಂಟಲಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಸುಜಾತಾ ಮೇಡಂ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ಓಡಿ ಬಂದರು. “ಶಾಂತಾಬಾಯಿ, ಆರಿಸ್ಯಾರ್ರಿ! ಐದರಾಗ ನಿಮ್ದೂ ಒಂದ ನಾಟಕ!”

ಅವರು ದಿನಾ ನನ್ನ ಗಾಡಿಯಲ್ಲೇ ಓಡಾಡುವವರು. ಎರಡು ವರ್ಷದ ಹಿಂದೆ ನಾನು ಬರೆದ ‘ನೀರು ಇಳಿಯೋತನಕ’ ಎಂಬ ನಾಟಕವನ್ನು ತಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಹುಡುಗಿಯರಿಂದ ಆಡಿಸಿದ್ದರು. ಆಮೇಲೆ ಒಂದು ಬೇಸಿಗೆ ರಜೆಯಲ್ಲಿ ಕುಳಿತು ಅದನ್ನು ಇಂಗ್ಲಿಷಿಗೆ ತಂದರು. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ಎಂಬ ನಾಡಿನಲ್ಲಿ ಒಂದು ಸಣ್ಣ ನಾಟಕಶಾಲೆ ಇದೆ, ಎರಡು ಭಾಷೆ ಕೂಡುವ ಕಡೆ ಬದುಕುವವರು ಬರೆದ ಹೊಸ ನಾಟಕಗಳಿಗೆ ಅದು ಸ್ಪರ್ಧೆ ಇಟ್ಟಿದೆ ಎಂದು ತಿಳಿದು ಕಳಿಸಿದವರೂ ಅವರೇ. ಐದು ‘ಭರವಸೆಯ ನಾಟಕ’ಗಳನ್ನು ಆರಿಸಿದ್ದಾರೆ, ಬರೆದವರನ್ನು ಕರೆಸಿ ಅವರ ಎದುರೇ ಓದಿಸುತ್ತಾರೆ, ಕೊನೆಗೆ ಒಂದನ್ನು ರಂಗದ ಮೇಲೆ ಆಡುತ್ತಾರೆ ಎಂದರು.

ಹಾಗಾದರೆ ಗೆದ್ದೆನೋ ಇಲ್ಲವೋ? ಮೇಡಂಗೂ ಖಚಿತವಿರಲಿಲ್ಲ. ನಮ್ಮ ಡ್ರೈವರ್ ಬಾಬಾಸಾಹೇಬ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಕೇಳಿದ: “ಭರವಸೆ ಅಂದ್ರ ಇಲೆಕ್ಷನ್‌ನ್ಯಾಗ ಕೊಡತಾರಲ್ಲ, ಹಂತಾದ್ದನ?”

ನಲವತ್ತೇಳನೆಯ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ‘ಮುಂದೆ ಬರುವ ಮಗು’ ಎಂಬಂತೆ ಕರೆಯುತ್ತಾರೆಂದು ನಾನು ಎಣಿಸಿರಲಿಲ್ಲ. ಕರೆ ಬಂದದ್ದು ಬರೆದವಳಿಗೆ ಮಾತ್ರ. ಮೇಡಂ ಬರುವಂತಿರಲಿಲ್ಲ. ನನ್ನ ಇಂಗ್ಲಿಷ್ ಎಂದರೆ ಹತ್ತನೇ ಇಯತ್ತೆಯದು, ಅದಕ್ಕೆ ಟಿಕೆಟ್ ಯಂತ್ರದ ಮೇಲಿನ ನಾಲ್ಕು ಪದ ಸೇರಿಸಿದಷ್ಟು. ಅಷ್ಟನ್ನೇ ಕಟ್ಟಿಕೊಂಡು ಅಕ್ಟೋಬರಿನಲ್ಲಿ ಒಬ್ಬಳೇ ಹೊರಟೆ.

ಕಂಡಕ್ಟರ್ ಇಲ್ಲದ ಬಸ್ಸು

ವಿಮಾನದ ಮಾತು ಬಿಡುತ್ತೇನೆ, ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ಲಂಡನ್ನಿನಿಂದ ದೊಡ್ಡ ಬಸ್ಸಿನಲ್ಲಿ ಕಾರ್ಡಿಫ್, ಅಲ್ಲಿಂದ ಇನ್ನೊಂದು, ಮತ್ತೆ ಇನ್ನೊಂದು. ಕೊನೆಯದು ನಮ್ಮ ಹಳ್ಳಿಗಾಡಿನ ಗಾಡಿಯಷ್ಟೇ ಇತ್ತು. ನಾನು ಮೊದಲು ಹುಡುಕಿದ್ದು ಕಂಡಕ್ಟರನ್ನು. ಇರಲಿಲ್ಲ. ಡ್ರೈವರನೇ ಟಿಕೆಟ್ ಕೊಟ್ಟ. ಜನ ಇಳಿಯುವಾಗ ಒಬ್ಬೊಬ್ಬರೂ ಅವನಿಗೆ ಧನ್ಯವಾದ ಹೇಳಿ ಇಳಿದರು. ಇಷ್ಟು ವರ್ಷದಲ್ಲಿ ನನಗೆ ಧನ್ಯವಾದ ಹೇಳಿದವರನ್ನು ಒಂದು ಕೈಯ ಬೆರಳಲ್ಲೇ ಎಣಿಸಬಹುದು, ಅದರಲ್ಲೂ ಇಬ್ಬರಿಗೆ ಅವರು ಮರೆತ ಕೊಡೆಯನ್ನು ನಾನು ತಂದುಕೊಟ್ಟಿದ್ದೆ.

ನಾನು ಹೋಗಬೇಕಾದ ಊರಿನ ಹೆಸರು ಎರಡು ‘ಎಲ್’ ಅಕ್ಷರದಿಂದ ಶುರುವಾಗುತ್ತದೆ. ನಾಲಿಗೆಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ ಎರಡು ಬದಿಯಿಂದ ಗಾಳಿ ಬಿಡಬೇಕಂತೆ. ನಾನು ‘ಲ್ಲ’ ಎಂದೆ. ಡ್ರೈವರ್ ಮೂರು ಸಲ ಕೇಳಿ, ಕೊನೆಗೆ ನನ್ನ ಕೈಯಲ್ಲಿದ್ದ ಚೀಟಿ ನೋಡಿ ತಲೆಯಾಡಿಸಿದ.

ಕಿಟಕಿಯಾಚೆ ಕುರಿಗಳೇ ಕುರಿಗಳು, ಕುರುಬರು ಮಾತ್ರ ಎಲ್ಲೂ ಇಲ್ಲ. ಪ್ರತಿ ಬೋರ್ಡಿನ ಮೇಲೂ ಎರಡು ಭಾಷೆ. ನನಗೆ ಮನೆಯಿಂದ ಬಹಳ ದೂರ ಬಂದಂತೆ ಅನಿಸಲಿಲ್ಲ. ನಿಪ್ಪಾಣಿಯಲ್ಲಿ ಒಂದೇ ಅಂಗಡಿಯ ಬೋರ್ಡಿನಲ್ಲಿ ಕನ್ನಡ ಮರಾಠಿ ಎರಡನ್ನೂ ಓದಿಕೊಂಡೇ ಬೆಳೆದವಳು ನಾನು. ರಸ್ತೆಯ ಮೇಲೇ ‘ಅರಾವ್’ ಎಂದು ಬಿಳಿ ಬಣ್ಣದಲ್ಲಿ ಬರೆದದ್ದು ಮತ್ತೆ ಮತ್ತೆ ಬಂತು. ಯಾವುದೋ ಊರಿನ ಹೆಸರೆಂದುಕೊಂಡೆ. ಎಷ್ಟು ಹೊತ್ತಾದರೂ ಆ ಊರು ಮುಗಿಯಲಿಲ್ಲ. ‘ನಿಧಾನವಾಗಿ ಚಲಿಸಿ’ ಎಂದು ಅದರ ಅರ್ಥವೆಂದು ಮರುದಿನ ತಿಳಿಯಿತು.

ಆ ಯೋಚನೆಯಲ್ಲಿ ನನ್ನ ಊರು ದಾಟಿಹೋಯಿತು. ಯಾರಾದರೂ ಕೂಗುತ್ತಾರೆಂದು ಕಾದು ಕುಳಿತಿದ್ದೆ. ಅಲ್ಲಿ ಇಳಿಯುವವರೇ ಕಂಬದ ಗುಂಡಿ ಒತ್ತಬೇಕು. ಯಾರೂ ಒತ್ತದಿದ್ದರೆ ಬಸ್ಸು ನಿಲ್ಲುವುದಿಲ್ಲ. ಕೊನೆಯ ನಿಲ್ದಾಣದಲ್ಲಿ ಡ್ರೈವರ್ ತಿರುಗಿ ನೋಡಿದರೆ ಸಮುದ್ರ, ಬಸ್ಸು, ಮತ್ತು ನಾನು. ಬೈಯುತ್ತಾನೆಂದು ಕಾದೆ. ನಾನಾಗಿದ್ದರೆ ಬೈಯುತ್ತಿದ್ದೆ. ಅವನೇ “ಕ್ಷಮಿಸಿ” ಎಂದ! ಮರಳಿ ಬರುವಾಗ ಇಳಿಸಿದ. ನಾನು ಎರಡು ಸಲ ಧನ್ಯವಾದ ಹೇಳಿ ಇಳಿದೆ.

ಮಾಯರ್ ಮನೆ

ನನ್ನನ್ನು ಮನೆಯಲ್ಲಿ ಉಳಿಸಿಕೊಂಡವರು ಮಾಯರ್ ಎಂಬ ಎಪ್ಪತ್ತರ ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ. ನಾಟಕಶಾಲೆಗೆ ಬರುವ ಅತಿಥಿಗಳಿಗೆ ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಡುತ್ತಾರೆ. ನಾಯಿಯ ಜೊತೆ ವೆಲ್ಷ್ ಭಾಷೆ, ನನ್ನ ಜೊತೆ ಇಂಗ್ಲಿಷ್. ನಾಯಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಗಂಭೀರವಾಗಿ ಹೇಳಿದರು. ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಒಬ್ಬರು ಎಮ್ಮೆಗೆ ಕನ್ನಡದಲ್ಲಿ, ಸೊಸೆಗೆ ಮರಾಠಿಯಲ್ಲಿ ಬೈಯುತ್ತಾರೆ. ಆದ್ದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ.

ಆಶ್ಚರ್ಯವಾದದ್ದು ಚಹದ ವಿಷಯದಲ್ಲಿ. “ಐದೂವರೆಗೆ ಚಹ” ಎಂದಿದ್ದರು. ನಾನು ಐದು ಗಂಟೆಗೇ ಕೋಣೆಯಲ್ಲಿ ಕುಳಿತು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಹೊಟ್ಟೆ ತುಂಬಾ ತಿಂದು, ಒಂದು ಕಪ್ಪು ಕುಡಿಯೋಣವೆಂದು ಕೆಳಗಿಳಿದೆ. ಮೇಜಿನ ಮೇಲೆ ಆಲೂಗಡ್ಡೆಯ ಗುಡ್ಡ, ಬಟಾಣಿ, ಬ್ರೆಡ್ಡು, ಒಂದು ದೊಡ್ಡ ಪೈ. ಅವರು ರಾತ್ರಿಯ ಊಟಕ್ಕೇ ‘ಚಹ’ ಅನ್ನುತ್ತಾರೆ! ಬೇಡವೆಂದರೆ ಬೇಜಾರಾಗುತ್ತಾರೆಂದು ಅದನ್ನೂ ತಿಂದೆ. ಕೊನೆಗೂ ಚಹ ಬರಲಿಲ್ಲ.

ಬೆಳಿಗ್ಗೆ ಅವರು ನನ್ನ ನಾಟಕ ಓದಿ ಮುಗಿಸಿದ್ದರು. ಬಳಸಿದ ಪದ ‘ಕ್ವೈಟ್ ಗುಡ್’. ನನಗೆ ಸಂತೋಷವಾಯಿತು. ಸುಜಾತಾ ಮೇಡಂಗೆ ಫೋನಿನಲ್ಲಿ ಹೇಳಿದೆ. ಅವರು, “ಅಲ್ಲಿ ಹಂಗಂದ್ರ ‘ಅಡ್ಡಿಯಿಲ್ಲ’ ಅಂತನೂ ಆಗಬಹುದ್ರಿ. ಮಾರಿ ಹೆಂಗಿತ್ತು?” ಎಂದರು. ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಮಾಯರ್ ಆ ಮಾತು ಹೇಳುವಾಗ ನಾಯಿಯ ಕಡೆ ನೋಡುತ್ತಿದ್ದರು.

ಓದಿನ ದಿನ

ನಾಟಕ ಯಾವುದರ ಬಗ್ಗೆ ಎಂದು ಇಲ್ಲಿ ಹೇಳಬೇಕು.

ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ, ಕೃಷ್ಣೆ ತುಂಬಿದ್ದಾಗ, ನನ್ನ ಮಿರಜ ಗಾಡಿ ಅಂಕಲಿ ದಾಟಿ ಸೇತುವೆಯ ಹತ್ತಿರ ನಿಂತುಬಿಟ್ಟಿತು. ಸೇತುವೆಯ ಮೇಲೆ ನೀರು. ನೀರು ಇಳಿಯಬಹುದು, ಕಾಯಿರಿ ಎಂದು ಡಿಪೋದಿಂದ ಹೇಳಿದರು. ಬಹಳ ಜನ ಇಳಿದು ಹೋದರು. ಅಂಕಲಿಯಲ್ಲಿ ಹತ್ತಿದ್ದ ಮಾಲನಬಿ ಮಾತ್ರ ಸಂಜೆಯತನಕ ಕಿಟಕಿಯ ಪಕ್ಕ ಕುಳಿತೇ ಇದ್ದಳು. ಅವಳು ಬಳೆ ಮಾರುವವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು, ನನ್ನ ಗಾಡಿಯ ಹಳೆಯ ಪ್ರಯಾಣಿಕಳು. ಅದಕ್ಕೂ ಹನ್ನೊಂದು ವರ್ಷದ ಹಿಂದೆ ಬಿಟ್ಟುಹೋದ ಗಂಡ ನದಿಯಾಚೆ ಮಿರಜಿನ ಆಸ್ಪತ್ರೆಯಲ್ಲಿ ಕೊನೆಗಾಲದಲ್ಲಿದ್ದ. ಬಂದು ಹೋಗು ಎಂದು ಹೇಳಿ ಕಳಿಸಿದ್ದ. ಅವಳು ಆ ದಿನ ನೀರನ್ನೇ ನೋಡುತ್ತ, “ಒಳ್ಳೇದಾತು. ನೀರ ನನ್ನ ಪರವಾಗಿ ಮಾತಾಡೇತಿ” ಎಂದಳು. ಆ ಮಾತು ನನ್ನ ಎದೆಯಲ್ಲಿ ನಿಂತಿತು. ನಾಟಕ ಹುಟ್ಟಿದ್ದು ಅದರಿಂದ. ಹೆಂಗಸಿನ ಹೆಸರು ಬದಲಿಸಿ ಹಲೀಮಾ ಎಂದಿಟ್ಟೆ. ಬಿಟ್ಟುಹೋದವನ ಕರೆಗೆ ಓಡಿಹೋಗುವ ಕಷ್ಟ ನದಿಯಿಂದಾಗಿ ತಪ್ಪಿದ್ದಕ್ಕೆ ಹಗುರಾಗುವ ಹೆಂಗಸು ಅವಳು. ಕಾಲೇಜಿನಲ್ಲಿ ಆಡಿದಾಗ ಆ ಮಾತಿಗೆ ಸಭಾಂಗಣವೆಲ್ಲ ತಣ್ಣಗಾಗಿತ್ತು. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡಿದ್ದರು.

ಆ ಸಭಾಂಗಣಕ್ಕೆ ನಾನು ಮಾಲನಬಿಯನ್ನು ಕರೆದಿರಲಿಲ್ಲ. ನಾಟಕ ಬರೆದದ್ದನ್ನೂ ಹೇಳಿರಲಿಲ್ಲ. ಹೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವಳ ಸ್ಟಾಪು ಬರುತ್ತಿತ್ತು.

ವೇಲ್ಸಿನ ಆ ನಾಟಕಶಾಲೆಯಲ್ಲಿ ಪರದೆ ಇರಲಿಲ್ಲ, ಗಂಟೆಯೂ ಇಲ್ಲ. ಐದು ಜನ ನಟರು ಕಾಗದ ಹಿಡಿದು ಕುರ್ಚಿಯ ಮೇಲೆ ಕುಳಿತು ಓದಿದರು. ಯಾವಾಗ ಶುರುವಾಯಿತೆಂದೇ ನನಗೆ ತಿಳಿಯಲಿಲ್ಲ. ಇನ್ನೂ ತಾಲೀಮು ನಡೆದಿದೆ ಎಂದುಕೊಂಡು ನಾನು ಚೀಲದಲ್ಲಿ ಕರವಸ್ತ್ರ ಹುಡುಕುತ್ತಿದ್ದಾಗ ಮೊದಲ ದೃಶ್ಯ ಅರ್ಧ ಮುಗಿದಿತ್ತು. ಹಲೀಮಾಳ ಮಾತು ಓದಿದವಳು ಕೆಂಪು ಕೂದಲಿನ ಒಬ್ಬ ಹೆಂಗಸು. ಭಾಷೆ ನನ್ನದಲ್ಲ, ಆದರೂ ಓದು ಎಲ್ಲಿಗೆ ಬಂದಿದೆಯೆಂದು ಅವಳ ಉಸಿರಿನಿಂದಲೇ ತಿಳಿಯುತ್ತಿತ್ತು.

ಆ ಮಾತು ಬಂತು. ಜನ ನಕ್ಕರು.

ಸಣ್ಣ ನಗು ಅಲ್ಲ, ಹೊಟ್ಟೆ ಹಿಡಿದು ನಗುವಂಥದ್ದು. ಪಕ್ಕದಲ್ಲಿದ್ದ ಮಾಯರ್ ಕೂಡ ನಕ್ಕು, ನನ್ನ ಮೊಣಕೈ ತಟ್ಟಿದರು. ಸುಜಾತಾ ಮೇಡಂ ತಪ್ಪಾಗಿ ಬರೆದರೇ? ಓದಿದವಳು ಕೆಡಿಸಿದಳೇ? ಅಥವಾ ಅದು ಮೊದಲಿನಿಂದಲೂ ನಗುವ ಮಾತೇ ಆಗಿದ್ದು, ನಮ್ಮೂರಿನ ಹೆಂಗಸರು ಬಾಯಿಗೆ ಸೆರಗಿಟ್ಟದ್ದು ನಗು ತಡೆಯಲಿಕ್ಕೇ?

ಮುಗಿದ ಮೇಲೆ ಅನೇಕರು ಬಂದು ಕೈ ಕುಲುಕಿ ‘ಇಂಟರೆಸ್ಟಿಂಗ್’ ಎಂದರು. ಆ ಪದಕ್ಕೂ ಎಷ್ಟು ಅರ್ಥಗಳಿವೆಯೋ ಎಂದು ಹೆದರಿ ನಾನು ಎಲ್ಲರಿಗೂ ಒಂದೇ ರೀತಿ ತಲೆಯಾಡಿಸಿದೆ.

ಹೆಲೆನ್ ಕೊಟ್ಟ ಫಾರ್ಮ್

ಸ್ಪರ್ಧೆ ನಡೆಸುವವರು ಹೆಲೆನ್. ಚುರುಕಾದ, ಒಳ್ಳೆಯ ಹೆಂಗಸು. ಮರುದಿನ ತಮ್ಮ ಕೋಣೆಗೆ ಕರೆದು, ಐದರಲ್ಲಿ ನನ್ನದೇ ಎಲ್ಲಕ್ಕಿಂತ ಹೆಚ್ಚು ಭರವಸೆಯದು ಎಂದು ತೀರ್ಪುಗಾರರು ಹೇಳಿದ್ದಾರೆ, ರಂಗದ ಮೇಲೆ ತರಲು ಅದನ್ನೇ ಮುಂದೆ ಒಯ್ಯುವ ಮನಸ್ಸಿದೆ ಎಂದರು. ಜನ ನಕ್ಕರಲ್ಲ ಎಂದೆ. “ಅದಕ್ಕೇ!” ಎಂದರು. “ನಗಿಸಿದ್ದು ಆ ಹೆಂಗಸಿನ ಧೈರ್ಯ.”

ಒಂದು ಫಾರ್ಮ್ ಮುಂದಿಟ್ಟರು. ಬೆರಳಿಟ್ಟು ಓದಿದೆ. ಈ ನಾಟಕದ ಮಾತೆಲ್ಲ ನನ್ನದೇ, ಬದುಕಿರುವ ಯಾರದಾದರೂ ಜೀವನದಿಂದ ತೆಗೆದುಕೊಂಡಿದ್ದರೆ ಅವರ ಒಪ್ಪಿಗೆ ಇದೆ ಎಂದಿತ್ತು. ಸಹಿ ಹಾಕಲು ಪೆನ್ನು ಕೊಟ್ಟರು. ನಾನು ಪೆನ್ನನ್ನು ಫಾರ್ಮಿನ ಮೇಲೆ ಹಾಗೇ ಇಟ್ಟೆ.

“ಮಾತು ನನ್ನದಲ್ಲ” ಎಂದೆ.

“ಗೊತ್ತು, ಅನುವಾದ ಸುಜಾತಾ ಅವರದು” ಎಂದರು ಹೆಲೆನ್.

“ಅಲ್ಲ. ಮಾಲನಬಿಯದು.”

“ಅವರು ಎರಡನೆಯ ಅನುವಾದಕರೇ?”

“ಅಲ್ಲ, ಬಳೆ ಮಾರುವವರು.”

ಹೆಲೆನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಅರ್ಧ ಗಂಟೆ ನನ್ನ ಇಂಗ್ಲಿಷಿನಲ್ಲಿ ನದಿ, ಸೇತುವೆ, ಗಂಡ, ಮಿರಜು ಎಲ್ಲ ಒಂದರ ಮೇಲೊಂದು ಬಿದ್ದವು. ಒಂದು ಹಂತದಲ್ಲಿ ನಾನೇ ಆ ಗಂಡನನ್ನು ನದಿಗೆ ದೂಡಿದೆನೆಂದು ಅವರು ತಿಳಿದಂತಿತ್ತು. ಕೊನೆಗೆ ಅರ್ಥವಾಯಿತು. “ಹಾಗಾದರೆ ಸುಲಭ. ಅವರಿಗೆ ಒಂದು ಫೋನ್ ಮಾಡಿ ಕೇಳಿ” ಎಂದರು.

ಎಷ್ಟು ಸುಲಭ! ಎರಡು ವರ್ಷ ನಾನು ಮಾಡದೆ ಉಳಿದ ಕೆಲಸ.

ಸಮುದ್ರದ ಬೆಂಚು

ಅಲ್ಲಿ ಮಧ್ಯಾಹ್ನವಾಗಿತ್ತು, ಅಂಕಲಿಯಲ್ಲಿ ಇಳಿಹೊತ್ತು. ದಂಡೆಯ ಮೇಲೆ ಒಂದು ಬೆಂಚಿನಲ್ಲಿ ಕುಳಿತು ಮಾಲನಬಿಗೆ ಫೋನ್ ಹಚ್ಚಿದೆ. ಗಾಳಿ ಎಷ್ಟಿತ್ತೆಂದರೆ ಫೋನನ್ನು ಸೆರಗಿನೊಳಗೆ ಹಿಡಿದುಕೊಂಡು ಮಾತಾಡಬೇಕಾಯಿತು.

“ಎಲ್ಲಿದ್ದೀ ಶಾಂತವ್ವ? ಗಾಡಿಯಾಗ ಬ್ಯಾರೆ ಕಂಡಕ್ಟರ್ ಬರಾಕತ್ಯಾನ. ಅವಂಗ ಚೀಲ ಎತ್ತಿ ಇಡಾಕ ಬರೂದಿಲ್ಲ.”

ಎಲ್ಲಿದ್ದೇನೆಂದು ಹೇಳಿದೆ. ನಂಬಿದಳೋ ಇಲ್ಲವೋ. ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ನಾಟಕ ಬರೆದದ್ದು, ಹೆಸರು ಬದಲಿಸಿದ್ದು, ಅವಳ ಮಾತನ್ನು ಹಾಕಿದ್ದು.

“ಯಾವ ಮಾತು?”

“ಅವತ್ತ ನೀರ ನೋಡಿ ಅಂದೆಲ್ಲ ಅಕ್ಕಾ. ಒಳ್ಳೇದಾತು, ನೀರ ನನ್ನ ಪರವಾಗಿ ಮಾತಾಡೇತಿ ಅಂತ.”

“ನಾ ಎಲ್ಲಿ ಅಂದೆ? ಅಂದಾಕಿ ನೀನ” ಎಂದಳು ಮಾಲನಬಿ.

“ನಾನಾ?”

“ಹೂಂ. ಟಿಕೀಟ ಚೀಲಾ ತೊಡಿ ಮ್ಯಾಲ ಇಟಗೊಂಡ ನನ್ನ ಬಾಜೂಕ ಕುಂತಿ. ‘ಒಳ್ಳೇದಾತ ಬಿಡ ಅಕ್ಕಾ, ನೀರ ನಿನ್ನ ಪರವಾಗಿ ಮಾತಾಡೇತಿ’ ಅಂದಿ. ನನಗ ಎಷ್ಟ ಸಿಟ್ಟ ಬಂದಿತ್ತ ಗೊತ್ತೈತೇನ? ಒಂದ ತಿಂಗಳ ನಿನ್ನ ಗಾಡಿ ಹತ್ತಲಿಲ್ಲ.”

ಅವಳು ಒಂದು ತಿಂಗಳು ಬಾರದಿದ್ದುದು ನನಗೆ ನೆನಪಿತ್ತು. ಗಂಡ ತೀರಿಕೊಂಡ ದುಃಖಕ್ಕೆಂದುಕೊಂಡಿದ್ದೆ.

“ಸಿಟ್ಟ ಯಾಕ ಅಕ್ಕಾ?”

“ನನಗ ಹೋಗೂದಿತ್ತ, ಶಾಂತವ್ವ. ಅದಕ್ಕ ಸಂಜಿತನಕಾ ಕುಂತಿದ್ದೆ, ನೀರ ಇಳದೀತು ಅಂತ. ಮನಿ ಹತ್ರ ಇದ್ರೂ ಯಾಕ ಇಳೀಲಿಲ್ಲ ಅಂತ ನೀ ಒಮ್ಮೀನೂ ಕೇಳಲಿಲ್ಲ. ಎರಡ ದಿನಕ್ಕ ಆತ ಸತ್ತ. ಸೇತುವೆ ತೆರದಾಗ ಮಣ್ಣ ಮಾಡಿ ಆಗಿತ್ತ.”

ಮುಂದೆ ಏನು ಮಾತಾಡಿದೆನೋ ನೆನಪಿಲ್ಲ. ಫೋನಿಟ್ಟ ಮೇಲೆ ನೆನಪನ್ನು ಹಿಂದಕ್ಕೆ ತಳ್ಳಿ ತಳ್ಳಿ ನೋಡಿದೆ. ಕಿಟಕಿ ಕಾಣುತ್ತದೆ, ಕೆಂಪು ನೀರು ಕಾಣುತ್ತದೆ, ಅವಳ ತುಟಿ ಅಲುಗಿದ್ದು ಕಾಣುತ್ತದೆ. ಈಗಲೂ ಕಾಣುತ್ತದೆ. ಆದರೆ ಅವಳಿಗೆ ನನ್ನ ತುಟಿ ಅಲುಗಿದ್ದು ಕಾಣುತ್ತದೆ. ಯಾರ ಗಂಡ ಸಾಯುತ್ತಿದ್ದನೋ ಅವಳ ನೆನಪು ಸುಳ್ಳಾಗುತ್ತದೆಯೇ? ಹಾಗಾದರೆ ಎರಡು ವರ್ಷ ಮಾಲನಬಿಯ ಮಾತು ಕದ್ದೆನೆಂದು ಒಳಗೊಳಗೇ ಅಳುಕಿದವಳು ನಾನು ನನ್ನದೇ ಮಾತನ್ನು ಕದ್ದೆನೇ? ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಒಂದು ಇಡೀ ದಿನ ಪಕ್ಕದಲ್ಲಿ ಕುಳಿತ ಹೆಂಗಸು ದಾಟಲಿಕ್ಕಾಗಿ ಕಾಯುತ್ತಿದ್ದಳೆಂದು ನನಗೆ ತಿಳಿಯಲಿಲ್ಲ.

ಒಬ್ಬ ಮುದುಕ ನಡೆದು ಬರುತ್ತ “ಆಲ್‌ರೈಟ್?” ಎಂದು ಕೇಳಿದ. ಇಲ್ಲ, ಒಂದು ವಿಷಯ ನಡೆದಿದೆ ಎಂದು ನಾನು ಉತ್ತರ ಕೊಡಲು ಶುರುಮಾಡುವಷ್ಟರಲ್ಲಿ ಅವನು ಮುಂದೆ ಹೋಗಿಬಿಟ್ಟಿದ್ದ. ಅಲ್ಲಿ ಅದು ಪ್ರಶ್ನೆಯಲ್ಲ, ನಮಸ್ಕಾರ.

ಕೊನೆಯ ದಿನ

ಹೆಲೆನ್‌ಗೆ ಹೋಗಿ ಹೇಳಿದೆ. ಮಾತು ಬಹುಶಃ ನನ್ನದೇ, ಆದರೆ ನಾಟಕದ ಹೆಂಗಸು ಮಾಲನಬಿಯಲ್ಲ, ಸಹಿ ಹಾಕಲಾರೆ ಎಂದೆ. ಈ ಸಲ ಅವರಿಗೆ ಬೇಗ ಅರ್ಥವಾಯಿತು. ಕುರ್ಚಿ ಎಳೆದು ನನ್ನ ಪಕ್ಕಕ್ಕೆ ಬಂದು ಕುಳಿತರು.

“ಆ ಹೆಂಗಸು ಕಲ್ಪನೆಯವಳು ಎಂದುಬಿಡಬಹುದಲ್ಲ?”

“ನಾನು ಕಲ್ಪಿಸಿಲ್ಲ. ತಪ್ಪು ತಿಳಿದಿದ್ದೇನೆ.”

“ಎರಡಕ್ಕೂ ಏನು ವ್ಯತ್ಯಾಸ?” ಎಂದು ಅವರು ಕೇಳಿದ್ದು ಚುಚ್ಚಲಿಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಲಿಕ್ಕೆ. ಮೊದಲು ಮಾಲನಬಿಗೆ ಓದಿ ತೋರಿಸುತ್ತೇನೆ ಎಂದೆ. ಅಲ್ಲಿಯತನಕ ಕಾಯುವುದು ತಮ್ಮ ಕೈಯಲ್ಲಿಲ್ಲ, ಮಂಡಳಿಯನ್ನು ಕೇಳಬೇಕು, ಈ ಜಾಗ ಬೇರೆಯವರಿಗೆ ಹೋಗಬಹುದು ಎಂದು ನೇರವಾಗಿ ಹೇಳಿದರು. ಹೋಗಲಿ ಎಂದೆ. ಇಂಥದ್ದೊಂದು ಕರೆ ನನ್ನ ಜನ್ಮದಲ್ಲಿ ಇನ್ನೊಮ್ಮೆ ಬರುವುದಿಲ್ಲವೆಂದು ಗೊತ್ತಿತ್ತು.

ಸಂಜೆ ಐದು ನಾಟಕಗಳನ್ನು ಬರೆದವರ ಹೆಸರು ಕರೆದರು. ಮೊದಲು ವೆಲ್ಷ್‌ನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ವೆಲ್ಷ್‌ನಲ್ಲಿ ಏನೋ ‘ಶಾಂತಾ’ ಎಂಬಂತೆ ಕೇಳಿ ಎದ್ದು ನಿಂತೆ. ಅದು ಬೇರೊಬ್ಬರ ಹೆಸರು. ಅವರೂ ಎದ್ದರು. ಜನ ಇಬ್ಬರಿಗೂ ಚಪ್ಪಾಳೆ ತಟ್ಟಿದರು. ನನ್ನದು ನಿಜವಾಗಿ ಬಂದಾಗ ನಾನು ಕುಳಿತೇ ಇದ್ದೆ. ಮಾಯರ್ ಎಬ್ಬಿಸಿದರು.

ಬಸ್ಸಿನ ತನಕ ಬಿಡಲು ಬಂದ ಮಾಯರ್‌ಗೆ ‘ಕ್ವೈಟ್ ಗುಡ್’ ಎಂದರೇನು ಎಂದು ಕೇಳಿಯೇಬಿಟ್ಟೆ. “ಆ ಹೆಂಗಸು ಬಹಳ ಗಟ್ಟಿ ಎನಿಸಿತು. ನನ್ನ ಗಂಡ ಹೋದಾಗ ನಾನು ಅಷ್ಟು ಗಟ್ಟಿ ಇರಲಿಲ್ಲ. ಅದಕ್ಕೇ ಸ್ವಲ್ಪ ಅನುಮಾನ ಬಂತು” ಎಂದರು. ಈ ಸಲ ನಾಯಿಯ ಕಡೆ ನೋಡಲಿಲ್ಲ.

ಅಂಕಲಿ

ಹೆಲೆನ್ ಪತ್ರ ನಾನು ಬರುವ ಮೊದಲೇ ಸುಜಾತಾ ಮೇಡಂಗೆ ಬಂದಿತ್ತು. ರಂಗಕ್ಕೆ ಬೇರೆಯವರ ನಾಟಕವನ್ನು ಆರಿಸಿದ್ದಾರೆ. ನನ್ನದು ಭರವಸೆಯ ಪಟ್ಟಿಯಲ್ಲಿ ಹಾಗೇ ಉಳಿದಿದೆ. ಮೇಡಂ ಒಂದು ವಾರ ನನ್ನ ಗಾಡಿಯಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತರು. ಎಂಟನೇ ದಿನ “ಛಲೋನ ಮಾಡೀರಿ. ಆದ್ರೂ ನನಗ ಬ್ಯಾಸರ ಆಗೇತಿ” ಎಂದರು. ಅವರ ಬೇಸಿಗೆ ರಜೆಯೂ ಅದರಲ್ಲಿತ್ತಲ್ಲ.

ವಾರದ ರಜೆಯ ದಿನ ಮಧ್ಯಾಹ್ನ ನಾಟಕ ಹಿಡಿದು ಮಾಲನಬಿಯ ಮನೆಗೆ ಹೋದೆ. ಅವಳು ನೆಲದ ಮೇಲೆ ಚಾದರ ಹಾಸಿ ಬಳೆಗಳನ್ನು ಅಳತೆಯ ಮೇಲೆ ಬೇರೆ ಮಾಡುತ್ತಿದ್ದಳು. “ಓದ. ನಾ ಕೈ ನಿಲ್ಲಸೂದಿಲ್ಲ” ಎಂದಳು. ಓದಿದೆ. ನಡುವೆ ಒಮ್ಮೆ ನೀರು ತಂದುಕೊಟ್ಟಳು. ಆ ಮಾತು ಬಂದಾಗ ನನ್ನ ದನಿ ಇಳಿಯಿತು. ಅವಳ ಕೈ ಮಾತ್ರ ನಿಲ್ಲಲಿಲ್ಲ.

ಮುಗಿದ ಮೇಲೆ ಕೇಳಿದಳು: “ಈ ಹಲೀಮಾ ಯಾರ?”

“ನೀನ ಅಂತ ತಿಳಕೊಂಡಿದ್ದೆ ಅಕ್ಕಾ.”

“ಅಲ್ಲ. ಈಕಿ ಬ್ಯಾರೆ. ನಾ ಇಷ್ಟ ಗಟ್ಟಿ ಇದ್ರ ಹನ್ನೊಂದ ವರ್ಷ ಆತನ ಚಾಳೀಸ ಯಾಕ ಒರಸಿ ಒರಸಿ ಇಡತಿದ್ದೆ?”

ಚಾಳೀಸು ಎಂದರೆ ನಮ್ಮ ಕಡೆ ಕನ್ನಡಕ.

“ಬಿಟ್ಟ ಹೋಗುವಾಗ ಮರತ ಹೋಗಿದ್ದ” ಎಂದಳು. “ಅವತ್ತ ನನ್ನ ಚೀಲದಾಗ ಅದ ಇತ್ತ. ದವಾಖಾನ್ಯಾಗ ಬಂದಾಕಿ ಯಾರಂತ ಆತಗ ಕಾಣಬೇಕಲ್ಲ?”

ನಾನು ಕಾಗದಗಳನ್ನು ಮಡಚಿದೆ. ಇದನ್ನು ಹರಿದು ಹಾಕುತ್ತೇನೆ ಎಂದೆ.

“ಹರೀಬ್ಯಾಡ. ಈಕಿ ಏನ ತಪ್ಪ ಮಾಡ್ಯಾಳ? ಇರಲಿ ಬಿಡ” ಎಂದು ಮಾಲನಬಿ ಬಳೆಗಳನ್ನು ಪಕ್ಕಕ್ಕೆ ಸರಿಸಿದಳು. ಅವಳ ಕೈ ನಿಂತದ್ದು ಆಗಲೇ. “ಈಗ ನಂದ ಬರಿ.”

ಕೊನೆಯ ಹಾಳೆಯನ್ನು ಮಗುಚಿ, ಬಸ್ಸು ನಿಂತಲ್ಲಿಂದ ಶುರು ಮಾಡಲೇ ಎಂದು ಕೇಳಿದೆ.

“ಬ್ಯಾಡ. ಆತ ಚಾಳೀಸ ಬಿಟ್ಟ ಹ್ವಾದ ದಿನದಿಂದ ಸುರು ಮಾಡ” ಎಂದಳು.